ಇಬ್ಬರು ಜಾಬೆಜರ ನಡುವೆ ತಬಿತಾ

"ಆ ಹುಟ್ಟು-ಸಾವಿನ ಪುಸ್ತಕ ನನಗೆ ಬೇಕು," ಎಂದಳು ತಬಿತಾ.

"ಓದ್ತಾ ಇದೀನಲ್ಲ."

"ನೀವು ಓದ್ತಾ ಇರೋದು ನಮ್ಮ ಮನೆತನದ ಪುಟ."

ಆತ ತಲೆ ಎತ್ತಿದ. ಐವತ್ತರ ಆಸುಪಾಸು, ಮೊಣಕೈ ಸವೆದ ಕೋಟು, ಬೆರಳ ತುದಿಗೆಲ್ಲ ಪೆನ್ಸಿಲ್ ಕರಿ.

"ಟ್ರಸ್ಕಾಟ್ ಮನೆಯವರಾ?"

"ತಬಿತಾ ಟ್ರಸ್ಕಾಟ್. ಈ ಊರು ಕಟ್ಟಿದ ಕ್ಯಾಪ್ಟನ್ ಹಂಫ್ರಿ ಟ್ರಸ್ಕಾಟರಿಂದ ಹತ್ತನೇ ತಲೆಮಾರು. ಅವರ ಮಗ ಜಾಬೆಜ್ ಕಡೆಯಿಂದ."

ಆತ ಪುಟದ ಮೇಲೆ ಬೆರಳಿಟ್ಟ. "ಆ ಜಾಬೆಜ್ ಎರಡು ವರ್ಷಕ್ಕೇ ತೀರಿಕೊಂಡಿದಾನೆ. ಇಲ್ಲಿದೆ ನೋಡಿ, ಸಾವಿರದ ಆರುನೂರ ನಲವತ್ಮೂರು. ಎರಡು ವರ್ಷದ ಕೂಸಿಗೆ ಹತ್ತು ತಲೆಮಾರು ಎಲ್ಲಿಂದ ಬಂತು?"

ತಬಿತಾಳ ಕಿವಿ ಬಿಸಿಯಾಯಿತು. ಎಷ್ಟು ಕೊಬ್ಬು ಈ ಮನುಷ್ಯನಿಗೆ...

"ಅದು ಸತ್ತಿದ್ದು ನಮಗೂ ಗೊತ್ತು. ಆಮೇಲೆ ಹುಟ್ಟಿದ ಮಗನಿಗೂ ಅದೇ ಹೆಸರಿಟ್ಟರು. ಸತ್ತ ಕೂಸಿನ ಹೆಸರನ್ನ ಮುಂದಿನ ಕೂಸಿಗೆ ಇಡೋದು ಆಗಿನ ಪದ್ಧತಿ. ಅಷ್ಟೂ ಗೊತ್ತಿಲ್ದೆ ಪುಸ್ತಕ ಬಿಚ್ಚಿಕೊಂಡು ಕೂತಿದೀರಾ?"

"ಪದ್ಧತಿ ಗೊತ್ತು. ಆ ಎರಡನೇ ಕೂಸು ಹುಟ್ಟಿದ್ದು ಎಲ್ಲಿ ಬರೆದಿದೆ, ಅದು ಗೊತ್ತಿಲ್ಲ."

"ಆ ಹಾಳೆ ಇಲಿ ತಿಂದಿದೆ."

"ಬರೀ ಆ ಒಂದು ಹಾಳೆನಾ? ಜಾಣ ಇಲಿ."

ಕೌಂಟರಿನ ಹಿಂದಿದ್ದ ಟೌನ್ ಹಾಲ್ ಗುಮಾಸ್ತೆ ಮಿಸೆಸ್ ಆರ್ಡ್ವೇ ಕಿಸಕ್ಕನೆ ನಕ್ಕಳು. ತಬಿತಾ ಅವಳನ್ನು ದುರುಗುಟ್ಟಿ ನೋಡಿ ಹೊರಗೆ ಹಿಮಕ್ಕೆ ನಡೆದಳು. ಅದು ಸಾವಿರದ ಒಂಬೈನೂರ ಅರವತ್ತೆರಡರ ಜನವರಿ ಕೊನೆ.

ನಮ್ಮ ಆಶ್‌ಕಾಟಿನಲ್ಲಿ, ಮ್ಯಾಸಚೂಸೆಟ್ಸಿನ ಈ ಕರಾವಳಿಯಲ್ಲಿ, ಮೊದಲಿನಿಂದ ಹೆಸರಿಗೇ ಬರ. ಅಪ್ಪ ಜಾಬೆಜ್, ಮಗ ಜಾಬೆಜ್, ಬೀದಿಯಾಚೆಯ ಬಡಗಿಯೂ ಜಾಬೆಜ್. ಆ ಸಿಕ್ಕು ಬಿಡಿಸುವುದಕ್ಕೆಂದೇ ಬದುಕು ಸವೆಸಿದವರು ಊರಿಗೆ ಇಬ್ಬರು ಮೂವರು ಇದ್ದೇ ಇರುತ್ತಾರೆ. ತಬಿತಾಳ ಅಪ್ಪ ಎಲಿಹು ಅವರಲ್ಲಿ ಹಿರಿಯರು. ನಿವೃತ್ತ ಮೇಷ್ಟ್ರು, ಮಹಾ ಹಟಮಾರಿ. ನಲವತ್ತು ವರ್ಷದಿಂದ ಟ್ರಸ್ಕಾಟ್ ವಂಶದ ಇತಿಹಾಸ ಬರೆಯುತ್ತಿದ್ದರು.

ಅದನ್ನು ಟೈಪ್ ಮಾಡಿದವಳು ತಬಿತಾ. ಒಂದು ಸಲವಲ್ಲ, ಏಳು ಸಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಒಬ್ಬ ಹುಡುಗ ಅವಳನ್ನು ಮದುವೆಯಾಗಿ ದೇಶದ ಆಚೆ ತುದಿಯ ಆರಿಗಾನ್‌ಗೆ ಕರೆದೊಯ್ಯಲು ನಿಂತಿದ್ದ. "ಪುಸ್ತಕ ಮುಗೀಲಿ, ಆಮೇಲೆ ಹೋಗು," ಎಂದಿದ್ದರು ಅಪ್ಪ. ಪುಸ್ತಕ ಮುಗಿಯಲಿಲ್ಲ. ಹುಡುಗ ಒಬ್ಬನೇ ಹೋದ. ಈಗ ಅವಳಿಗೆ ನಲವತ್ತನಾಲ್ಕು, ಅಪ್ಪನ ಶ್ವಾಸಕೋಶದಲ್ಲಿ ಗೆಡ್ಡೆ, ಪುಸ್ತಕ ಮಾತ್ರ ಕೊನೆಗೂ ಮುಗಿದಿತ್ತು. ಊರಿನ ಇತಿಹಾಸ ಸಂಘ ಅಚ್ಚು ಹಾಕಿಸಲು ಒಪ್ಪಿತ್ತು. ಆದರೆ ಅದಕ್ಕೂ ಮುಂಚೆ ಒಬ್ಬ ಪರೀಕ್ಷಕ ಎಲ್ಲವನ್ನೂ ತಾಳೆ ನೋಡಬೇಕು.

ಆ ಪರೀಕ್ಷಕನೇ ಸವೆದ ಕೋಟಿನವನು, ಲೈಮನ್ ವಾಡ್ಲಿ.

ಮಂಗಳವಾರ, ಗುರುವಾರ ದಾಖಲೆ ಕೋಣೆ ತೆರೆಯುತ್ತಿತ್ತು. ಇದ್ದದ್ದು ಒಂದೇ ಮೇಜು. ಮೊದಲ ವಾರ ಇಬ್ಬರೂ ಮುಖ ತಿರುಗಿಸಿಕೊಂಡು ಕೂತರು. ಎರಡನೇ ವಾರ ಕೋಣೆ ಬೆಚ್ಚಗಿಡುವ ಒಲೆ ಕೆಟ್ಟಿತು, ಆತ ತನ್ನ ಮಫ್ಲರ್ ಅವಳತ್ತ ತಳ್ಳಿದ. ಮೂರನೇ ವಾರ ಅವಳೇ ಫ್ಲಾಸ್ಕಿನಲ್ಲಿ ಮೀನಿನ ಸೂಪು ತಂದಳು.

"ಇದೇನು ಲಂಚಾನಾ?" ಎಂದ ಆತ.

"ನಿಮಗೆ ಲಂಚ ಕೊಟ್ಟರೆ ಅದನ್ನೂ ಚೀಟಿಲಿ ಬರೆದಿಡ್ತೀರಿ."

ಚೀಟಿಯೇ ಅವನ ಕಸುಬು. ದಾಖಲೆಯಲ್ಲಿ ಜಾಬೆಜ್ ಎಂದು ಕಂಡ ಕಡೆಯಲ್ಲೆಲ್ಲ ಒಂದೊಂದು ಚೀಟಿ. ಬೇಲಿ ಮುರಿದ ಜಾಬೆಜ್, ಚರ್ಚಿನಲ್ಲಿ ನಿದ್ದೆ ಹೋದ ಜಾಬೆಜ್, ರೂತ್‌ಳನ್ನು ಮದುವೆಯಾದ ಜಾಬೆಜ್. ಯಾವ ಚೀಟಿಯನ್ನೂ ಇನ್ನೊಂದರ ಜೊತೆ ಸೇರಿಸುತ್ತಿರಲಿಲ್ಲ.

"ಹೆಸರು ಒಂದೇ ಅಂದಮಾತ್ರಕ್ಕೆ ಆಳು ಒಬ್ಬನೇ ಆಗಲ್ಲ," ಎಂದ. "ಸೇರಿಸದೇ ಇರೋಕೆ ಆಗಲ್ಲ ಅನ್ನೋವರೆಗೂ ಸೇರಿಸಬಾರದು."

ಅವಳು ಒಂದು ಚೀಟಿ ಎತ್ತಿ ನೋಡಿ ಕೆಳಗಿಟ್ಟಳು. ಆಮೇಲೆ ಇದುವರೆಗೆ ಯಾರಿಗೂ ಹೇಳದ ಮಾತು ಬಾಯಿಗೆ ಬಂತು.

"ನಮ್ಮ ಚರ್ಚಿನ ಹಿಂದೆ ಒಂದು ಸಮಾಧಿ ಇದೆ. ಕಲ್ಲಿನ ಮೇಲೆ ತಬಿತಾ ಟ್ರಸ್ಕಾಟ್ ಅಂತ ಬರೆದಿದೆ."

ಲೈಮನ್‌ನ ಪೆನ್ಸಿಲ್ ನಿಂತಿತು.

"ನನ್ನ ಅಕ್ಕ. ಒಂದೂವರೆ ವರ್ಷಕ್ಕೆ ಗಂಟಲುಮಾರಿಲಿ ಹೋಯ್ತು. ಆಮೇಲೆ ನಾನು ಹುಟ್ಟಿದೆ. ಈಗೆಲ್ಲ ಯಾರೂ ಹಾಗೆ ಹೆಸರಿಡಲ್ಲ. ಅಪ್ಪ ಇಟ್ಟರು... ನಾನು ಓದೋಕೆ ಕಲಿತಿದ್ದೇ ಆ ಕಲ್ಲಿನ ಮೇಲೆ."

"ಹೇಗನ್ನಿಸ್ತಿತ್ತು?"

ನಲವತ್ತನಾಲ್ಕು ವರ್ಷದಲ್ಲಿ ಅದನ್ನು ಕೇಳಿದ ಮೊದಲ ಮನುಷ್ಯ ಈತನೇ. ಆತ ಉತ್ತರಕ್ಕೆ ಒತ್ತಾಯ ಮಾಡದೆ ಸೂಪಿನ ಬಟ್ಟಲನ್ನು ಅವಳ ಕೈಗೆ ಕೊಟ್ಟ ಅಷ್ಟೆ. ಬೆರಳಿಗೆ ಬೆರಳು ತಾಗಿತು. ಮಿಸೆಸ್ ಆರ್ಡ್ವೇ ಸುಮ್ಮಸುಮ್ಮನೆ ಡ್ರಾಯರ್ ತೆಗೆದು ಮುಚ್ಚಿದಳು.

ಅಯ್ಯೋ ದೇವರೇ, ಈ ವಯಸ್ಸಲ್ಲಿ ಇದೇನು... ಎಂದುಕೊಳ್ಳುತ್ತಲೇ ತಬಿತಾ ಮನೆಗೆ ನಡೆದಳು. ಅಂದು ಅವಳು ಅಪ್ಪನ ಗಂಜಿ ಸೀಯಿಸಿದಳು.

ಮಾರ್ಚ್ ಮೊದಲ ವಾರ ಲೈಮನ್ ಜಿಲ್ಲಾ ನ್ಯಾಯಾಲಯದಿಂದ ಒಂದು ಪ್ರತಿ ಹಿಡಿದು ಬಂದ. ಇನ್ಯಾರದೋ ಆಸ್ತಿಯ ಕಟ್ಟಿನೊಳಗೆ ಮುನ್ನೂರು ವರ್ಷ ತಪ್ಪಿ ಸೇರಿಕೊಂಡಿದ್ದ ಉಯಿಲು, ಕ್ಯಾಪ್ಟನ್ ಹಂಫ್ರಿಯದೇ. ಆತ ಕಾಗದವನ್ನು ಅವಳ ಮುಂದಿಟ್ಟ.

'ನನಗೆ ಬದುಕಿರುವ ಗಂಡುಮಕ್ಕಳಿಲ್ಲ. ಜಾಬೆಜ್‌ನನ್ನು ಕಳೆದುಕೊಂಡ ಮೇಲೆ ದೇವರು ಹೆಣ್ಣುಮಕ್ಕಳನ್ನೇ ಕೊಟ್ಟ. ನನ್ನ ಜಮೀನು ಆ ಮೂವರಿಗೆ. ನನ್ನ ಹಂದಿ ಕಾಯುವ ಆಳು ಜಾಬೆಜ್ ಟ್ರಸ್ಕಾಟ್ ನನಗೆ ಯಾವ ರೀತಿಯಲ್ಲೂ ನೆಂಟನಲ್ಲ. ಆದರೂ ಅವನಿಗೂ ಅವನ ಹೆಂಡತಿ ರೂತ್‌ಗೂ ಒಂದು ಹಳೆಯ ಕಂಬಳಿ.'

ಅವಳು ಎರಡು ಸಲ ಓದಿದಳು. ಅಪ್ಪನ ಪುಸ್ತಕದಲ್ಲೂ ವಂಶ ಬೆಳೆದದ್ದು ರೂತ್‌ಳ ಗಂಡನಿಂದಲೇ, ಅಂದರೆ ಈ ಹಂದಿ ಕಾಯುವ ಆಳೇ ಇವರ ಮೂಲಪುರುಷ. ಎರಡನೇ ಮಗ ಹುಟ್ಟಿರಲೇ ಇಲ್ಲ. ಯಾವ ಇಲಿಯೂ ಯಾವ ಹಾಳೆಯನ್ನೂ ತಿಂದಿರಲಿಲ್ಲ.

"ಹಂದಿ ಕಾಯೋನು," ಎಂದಳು. ನಗು ಬರುತ್ತದೇನೋ ಅಂದುಕೊಂಡಳು, ಬರಲಿಲ್ಲ.

"ನಿಮ್ಮಪ್ಪ ದಡ್ಡರಲ್ಲ," ಎಂದ ಲೈಮನ್ ಮೆಲ್ಲಗೆ. "ಅವರು ತಮ್ಮ ಮನೇಲಿ ಮಾಡಿದ್ದನ್ನೇ ಕ್ಯಾಪ್ಟನ್ ಮನೇಲೂ ಕಂಡರು. ಕಳಕೊಂಡವನು ಅದೇ ಹೆಸರಲ್ಲಿ ಇನ್ನೊಂದನ್ನ ತಂದುಕೊಂಡೇ ಇರ್ತಾನೆ ಅಂತ ನಂಬಿದರು."

ಆ ಪುಸ್ತಕಕ್ಕೆ ಇಪ್ಪತ್ತೆರಡು ವರ್ಷ. ಏಳು ಸಲ. ಆರಿಗಾನ್...

"ವಾಡ್ಲಿಯವರೇ, ಡಾಕ್ಟರು ಏಪ್ರಿಲ್ ದಾಟಲ್ಲ ಅಂದಿದಾರೆ. ಅಪ್ಪ ಹೋಗೋವರೆಗೆ ಇದು ಹೊರಗೆ ಬರಬಾರದು. ನಿಮ್ಮ ಕಾಲಿಗೆ ಬೀಳ್ತೀನಿ."

"ಪುಸ್ತಕ ಸರಿಯಿದೆ ಅಂತ ರುಜು ಹಾಕೋಕೆ ನನ್ನ ಕೈಲಾಗಲ್ಲ."

"ಹಾಕಬೇಡಿ. ಸುಮ್ಮನಿರಿ ಸಾಕು."

ಆತ ಆ ಪ್ರತಿಯನ್ನು ಮಡಿಚಿ ಕೋಟಿನ ಜೇಬಿಗಿಟ್ಟ. "ಸುಮ್ಮನಿರ್ತೀನಿ."

ಮೂರೇ ವಾರ. ಸಂಘದ ಕಾರ್ಯದರ್ಶಿ ಗಿಲ್ಮನ್‌ರಿಂದ ಕಾಗದ ಬಂತು. ತಬಿತಾ ಅಂಗಡಿಗೆ ಹೋಗಿದ್ದಳು, ಲಕೋಟೆ ಒಡೆದವರು ಅಪ್ಪ. ಅವಳು ಬಂದಾಗ ಅವರು ಕುರ್ಚಿಯಲ್ಲಿ ಕೂತಿದ್ದರು, ಕಾಗದ ನೆಲದ ಮೇಲಿತ್ತು. ಉಯಿಲಿನ ವಿಷಯ, ಹಂದಿ ಕಾಯುವವನ ವಿಷಯ, ಅಚ್ಚು ಹಾಕಲಾಗದು ಎಂಬ ವಿಷಾದ, ಎಲ್ಲವೂ ಅದರಲ್ಲಿತ್ತು.

"ನಿನಗೆ ಗೊತ್ತಿತ್ತಾ?" ಎಂದರು ಅಪ್ಪ.

ಅವಳು ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು," ಎಂದಳು. ಅವರು ಗೋಡೆಯ ಕಡೆ ತಿರುಗಿದರು.

ಅಂದೇ ಅವಳು ಟೌನ್ ಹಾಲಿಗೆ ಹೋಗಿ ಎಲ್ಲರೆದುರೇ ಲೈಮನ್‌ನ ಚೀಟಿಗಳನ್ನು ಮೇಜಿನಿಂದ ಕೆಡವಿದಳು.

"ಒಬ್ಬ ಸಾಯೋ ಮುದುಕನನ್ನ ಸೋಲಿಸಿದಿರಿ. ಖುಷಿಯಾಯ್ತಾ?"

"ತಬಿತಾ, ನಾನು ಬರೀಲಿಲ್ಲ..."

"ಉಯಿಲು ತಾನಾಗೇ ನಡಕೊಂಡು ಹೋಯ್ತಾ? ನಿಮ್ಮ ಮುಖ ನೋಡೋಕೂ ನನಗೆ ಅಸಹ್ಯ."

ಆತ ಮಂಡಿಯೂರಿ ಚೀಟಿಗಳನ್ನು ಆರಿಸತೊಡಗಿದ. ಮುಂದಿನ ಗುರುವಾರ ಆ ಕುರ್ಚಿ ಖಾಲಿಯಿತ್ತು.

ಅಪ್ಪ ಆಮೇಲೆ ಹದಿನೆಂಟು ದಿನ ಬದುಕಿದರು. ಅವಳು ಉಣಿಸಿದರೆ ಉಣ್ಣುತ್ತಿದ್ದರು, ಒರೆಸಿದರೆ ಒರೆಸಿಕೊಳ್ಳುತ್ತಿದ್ದರು, ಮಾತಾಡುತ್ತಿರಲಿಲ್ಲ. ಕೊನೆಯ ಮಧ್ಯಾಹ್ನ ಮಾತ್ರ ಕಣ್ಣು ಬಿಟ್ಟು "ತಬಿತಾ" ಎಂದರು.

ಅವಳು ಹಾಸಿಗೆಯತ್ತ ಬಾಗಿದಳು. ಕ್ಷಮಿಸಿದರು... ಕೊನೆಗೂ ಕರೆದರು...

"ಇಲ್ಲೇ ಇದೀನಿ ಅಪ್ಪ."

ಅವರು ಅವಳನ್ನು ನೋಡಿದರು. "ನೀನಲ್ಲ," ಎಂದರು. "ಆ ಕೂಸು."

ಅಷ್ಟೇ. ಸಂಜೆಗೆ ತೀರಿಕೊಂಡರು. ಅವಳಿಗೆ ಅಳು ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಹ್ಯಾಮ್, ಹುರುಳಿಕಾಯಿ, ಕಾಫಿ. ಊರಿನವರು ತಿಂದು ಹೋದರು. ವಕೀಲರು ಅವಳಿಗೆ ಗೊತ್ತಿದ್ದದ್ದನ್ನೇ ಮತ್ತೆ ಹೇಳಿದರು. ಮನೆಯನ್ನು ಅಪ್ಪ ಎಂದೋ ಇತಿಹಾಸ ಸಂಘಕ್ಕೆ ಬರೆದಿದ್ದರು, ಜೂನ್ ಒಳಗೆ ಖಾಲಿ ಮಾಡಬೇಕು. ಕೊನೆಗೆ ಉಳಿದವಳು ಮಿಸೆಸ್ ಆರ್ಡ್ವೇ. ತಟ್ಟೆ ಒರೆಸುತ್ತಾ ಹೇಳಿದಳು.

"ಒಂದು ಮಾತು ಕಣೇ. ಅವತ್ತೇ ಹೇಳಬೇಕಿತ್ತು. ಆ ವಾಡ್ಲಿ ಕಾಗದ ಬರೀಲಿಲ್ಲ."

"ಮತ್ತೆ?"

"ಈ ಕೆಲಸ ನನ್ನಿಂದಾಗಲ್ಲ ಅಂತ ಸಂಘಕ್ಕೆ ವಾಪಸ್ ಕೊಟ್ಟನಂತೆ. ಕಾರಣ ಕೇಳಿದರೆ ಹೇಳಲಿಲ್ಲ. ಗಿಲ್ಮನ್‌ಗೆ ಅನುಮಾನ ಬಂತು. ನ್ಯಾಯಾಲಯಕ್ಕೆ ಹೋಗಿ, ವಾಡ್ಲಿ ಯಾವ ಕಟ್ಟು ಓದೋಕೆ ತಗೊಂಡು ರುಜು ಹಾಕಿದಾನೆ ಅಂತ ನೋಡಿ, ಅದನ್ನೇ ತೆಗೆಸಿದ. ವಿಷಯ ಮುಚ್ಚಿಟ್ಟ ಅಂತ ಅವನನ್ನ ಪರೀಕ್ಷಕರ ಪಟ್ಟಿಯಿಂದಲೇ ಕಿತ್ತುಹಾಕಿದಾರೆ. ಇನ್ನು ಯಾವ ಸಂಘವೂ ಅವನನ್ನ ಕರೆಯಲ್ಲ."

ತಬಿತಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಪಕ್ಕದೂರಿಗೆ ಹೋದಳು. ಅಲ್ಲಿ ಚಪ್ಪಲಿ ಅಂಗಡಿಯ ಮೇಲೆ ಲೈಮನ್‌ನ ಬಾಡಿಗೆ ಕೋಣೆ. ಬಾಗಿಲು ತೆರೆದ ಲೈಮನ್ ಎರಡು ವಾರದಿಂದ ಕ್ಷೌರ ಮಾಡಿಸಿರಲಿಲ್ಲ. ಮೇಜಿನ ಮೇಲೆ ಒಂದು ಚೀಟಿಯೂ ಇರಲಿಲ್ಲ.

"ಮಿಸೆಸ್ ಆರ್ಡ್ವೇ ಎಲ್ಲಾ ಹೇಳಿದರು," ಎಂದಳು. "ಅವತ್ತು ಯಾಕೆ ನನ್ನ ಬಾಯಿ ಮುಚ್ಚಿಸಲಿಲ್ಲ?"

"ನನ್ನ ರುಜು ನೋಡೇ ಅಲ್ವಾ ಗಿಲ್ಮನ್ ಹುಡುಕಿದ್ದು. ದಾರಿ ತೋರಿಸಿದ್ದು ನಾನೇ. ನೀವಂದಿದ್ದು ಪೂರ್ತಿ ತಪ್ಪಲ್ಲ."

ಅವಳು ಇದ್ದ ಒಂದೇ ಕುರ್ಚಿಯಲ್ಲಿ ಕುಸಿದಳು. ಅಪ್ಪನ ಕೊನೆಯ ಮಾತನ್ನು ಹೇಳಿದಳು. ಮನೆ ಹೋದದ್ದನ್ನೂ ಹೇಳಿದಳು. ಆತ ಮಂಚದ ಅಂಚಿನಲ್ಲಿ ಕೂತು ಕೇಳಿದ.

"ನೀವು ಯಾವತ್ತೂ ಇಲ್ಲದ್ದನ್ನ ಹೇಳೋರಲ್ಲ, ಗೊತ್ತು," ಎಂದಳು ಕೊನೆಗೆ. "ಇವತ್ತು ಒಂದೇ ಒಂದು ಸುಳ್ಳು ಹೇಳಿ. ನನಗೋಸ್ಕರ. ಆ ಇಪ್ಪತ್ತೆರಡು ವರ್ಷ ವ್ಯರ್ಥ ಆಗಲಿಲ್ಲ ಅಂತ ಹೇಳಿ."

ಲೈಮನ್ ಬಾಯಿ ತೆರೆದ. ಮುಚ್ಚಿದ. ಅವನ ಕಣ್ಣು ತುಂಬಿತ್ತು.

"ವ್ಯರ್ಥ ಆಯ್ತು, ತಬಿತಾ."

ಆಗ ಅವಳಿಗೆ ಅಳು ಬಂತು. ಹದಿನೆಂಟು ದಿನ ಬಾರದ್ದು, ಮಣ್ಣು ಹಾಕುವಾಗಲೂ ಬಾರದ್ದು ಈಗ ತಡೆಯಿಲ್ಲದೆ ಬಂತು. ಆತ ನೆಲದ ಮೇಲೆ ಅವಳ ಪಕ್ಕ ಕೂತು ಅವಳ ಕೈ ಹಿಡಿದುಕೊಂಡ.

ಅತ್ತು ಅತ್ತು ಸುಸ್ತಾದ ಮೇಲೆ ಅವಳು ಕೇಳಿದಳು. "ನನ್ನನ್ನ ಪ್ರೀತಿಸ್ತೀರಾ?"

"ಹೂಂ."

"ಯಾವಾಗಿಂದ?"

"ಫೆಬ್ರವರಿ ಹದಿಮೂರು, ಮಂಗಳವಾರದಿಂದ. ನೀವು ಆ ಕಲ್ಲಿನ ಮಾತು ಹೇಳಿದ ದಿನ. ಅದಕ್ಕೂ ಮುಂಚೆ ಇತ್ತೇನೋ, ಆಧಾರ ಇಲ್ಲ."

ಅಳುವಿನ ನಡುವೆಯೇ ಅವಳಿಗೆ ಸಣ್ಣಗೆ ನಗು ಬಂತು. ಬೇರೆ ಯಾರು ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ. ಕೇಳಿ ಕೇಳಿ ಬೇಡಿದರೂ ಒಂದು ಸುಳ್ಳು ಹೇಳಲಾಗದವನು ಹೇಳಿದ್ದನ್ನು ನಂಬದೆ ಇರಲು ಅವಳ ಕೈಲಾಗಲಿಲ್ಲ.

"ನನ್ನ ಹತ್ತಿರ ಕೆಲಸ ಇಲ್ಲ," ಎಂದ ಲೈಮನ್. "ಐವತ್ತೆರಡು ವರ್ಷ. ಮುಂದೆ ಸರಿಹೋಗುತ್ತೆ ಅಂತ ಹೇಳೋಕೆ ನನಗೆ ಏನೂ ಕಾಣ್ತಿಲ್ಲ."

"ನನಗೂ ಕಾಣ್ತಿಲ್ಲ."

ಕೆಳಗೆ ಅಂಗಡಿಯವನು ಬಾಗಿಲು ತೆರೆದ ಸದ್ದು ಕೇಳಿಸಿತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ವಾಪಸ್ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದ.

"ಹನ್ನೊಂದಕ್ಕೆ. ಆದರೆ ಅಲ್ಲಿ ನನಗೋಸ್ಕರ ಕಾಯೋರು ಯಾರೂ ಇಲ್ಲ."

"ಹಾಗಾದರೆ ಕೂತಿರು," ಎಂದ.