ಮೂರು ಗುಂಡಿಗೊಂದು ವಿರಾಮ

ಪೊದೆಯ ಬುಡದಿಂದ ಗಾಜಿನ ಚೂರುಗಳನ್ನು ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು ಮಾರ್ವಾ. ಯಾರೋ ಪುಣ್ಯಾತ್ಮರು ಹಳೆಯ ಟಿವಿ ತಂದಿಟ್ಟು, ಗುಂಡು ಹೊಡೆದು ಪುಡಿ ಮಾಡಿ, ಹಾಗೇ ಬಿಟ್ಟು ಹೋಗಿದ್ದರು. ಅಮೆರಿಕದ ಐಡಹೋದ ಈ ಬಯಲು ಸರ್ಕಾರದ್ದು. ಕಸ ಹೀಗೇ ಬೀಳುತ್ತಿದ್ದರೆ ಇಲ್ಲಿ ಗುಂಡು ಹಾರಿಸುವುದನ್ನೇ ಸರ್ಕಾರದವರು ನಿಷೇಧಿಸಿಬಿಡುತ್ತಾರೆ.

ಶನಿವಾರದ ಗುರಿ ಅಭ್ಯಾಸದ ಉಸ್ತುವಾರಿ ಅವಳದು; ಬೆಳಗಿನಿಂದ ಇದು ನಾಲ್ಕನೇ ವಿರಾಮ. ಗುಂಡು ಹೊಡೆಯುವ ಸಾಲಿನಲ್ಲಿ ನಿಂತವರು ಯಾರೇ ವಿರಾಮ ಕೇಳಿದರೂ ಅವಳು ಸೀಟಿ ಊದಬೇಕು. ಎಲ್ಲರೂ ರೈಫಲ್ ಖಾಲಿ ಮಾಡಿ ಮೇಜಿನ ಮೇಲಿಟ್ಟು ಹಿಂದೆ ಸರಿದ ಮೇಲಷ್ಟೇ ಗುಡ್ಡದ ಬುಡದ ಟಾರ್ಗೆಟ್ ಕಡೆಗೆ ಹೆಜ್ಜೆ. ನಾಲ್ಕು ಸಲವೂ ಕೇಳಿದವನು ಥೇನ್. ಹೊಡೆದದ್ದು ಪ್ರತಿ ಸಲ ಮೂರೇ ಗುಂಡು.

“ಏನಯ್ಯಾ ಥೇನ್, ಗುಂಡು ಹೊಡೆಯೋಕೆ ಬಂದ್ಯೋ, ವಾಕಿಂಗ್‌ಗೆ ಬಂದ್ಯೋ?” ಹಿಂದಿನಿಂದ ಮುದುಕ ಆರ್ವಲ್ ಕೂಗಿದ.

ಥೇನ್ ನಗುತ್ತಾ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತು ತಾನೂ ಚೂರುಗಳನ್ನು ಹೆಕ್ಕತೊಡಗಿದ.

“ಟಾರ್ಗೆಟ್ ನೋಡಲ್ವಾ?” ಮಾರ್ವಾ ಕೇಳಿದಳು.

“ಮೂರೂ ನಡುಮಧ್ಯಕ್ಕೇ ಬಿದ್ದಿವೆ. ಗೊತ್ತು.”

“ಮತ್ಯಾಕೆ ನಿಲ್ಲಿಸಿದೆ?”

“ಗಾಜು ಬಹಳ ಇತ್ತಲ್ಲ.”

ಅವಳಿಗೆ ಅರ್ಥವಾಗದ್ದು ಇದೇ. ಗಂಡ ಲಮಾರ್ ತೀರಿಕೊಂಡು ಮೂರು ಚಳಿಗಾಲ ಕಳೆದಿದ್ದವು. ಅಂಗಳದ ಹಿಮ ತೆಗೆದದ್ದು, ಬಾವಿಯ ಪಂಪು ಸರಿಮಾಡಿದ್ದು, ಎಲ್ಲ ಲಮಾರನ ಗೆಳೆಯನಾದ ಈ ಥೇನ್. ಗೆಳೆಯನ ಹೆಂಡತಿ ಅಂತ ಕನಿಕರವೋ? ಕನಿಕರವೇ ಆದರೆ ಶನಿವಾರಕ್ಕಾಗಿ ವಾರವಿಡೀ ಕಾಯುವುದನ್ನು ಅವಳು ಬಿಡಬೇಕು. ಅಲ್ಲವಾದರೆ? ಅದನ್ನು ನೆನೆದರೆ ಇನ್ನೂ ಹೆದರಿಕೆ.

ಗ್ಲೌಸಿನೊಳಗೆ ಸಣ್ಣ ಚೂರು ಚುಚ್ಚಿತು. ಅವಳು ‘ಸ್’ ಎನ್ನುವಷ್ಟರಲ್ಲಿ ಥೇನ್ ಗ್ಲೌಸು ಕಳಚಿ, ಬೆರಳನ್ನು ಬೆಳಕಿಗೆ ಹಿಡಿದು, ಉಸಿರು ಕಟ್ಟಿ ಚೂರನ್ನು ತೆಗೆದ. ಚೂರು ಬಂದ ಮೇಲೂ ಬೆರಳು ಅವನ ಕೈಯಲ್ಲೇ ಇತ್ತು. ಹಿಂದಕ್ಕೆ ಎಳೆದುಕೊಳ್ಳಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

“ನನ್ನ ನೋಡ್ಕೋ ಅಂತ ಲಮಾರ್ ಹೇಳಿದ್ನಾ?”

“ಅವನಾ? ಅವನ ರೈಫಲ್ ಒರೆಸಿಡು ಅಂತಲೂ ನನಗೆ ಹೇಳ್ಲಿಲ್ಲ.” ಥೇನ್ ತಲೆ ತಗ್ಗಿಸಿದ. “ಅಲ್ಲಿ ಸಾಲಲ್ಲಿ ನಿಂತ್ರೆ ಗುಂಡಿನ ಸದ್ದಿಗೆ ಎಲ್ಲರ ಕಿವೀನೂ ಮುಚ್ಚಿರುತ್ತೆ, ಮಾರ್ವಾ. ನೀನು ಮಾತಿಗೆ ಸಿಗೋದು ಇಲ್ಲಿ ಮಾತ್ರ.”

“ಫೋನ್ ಇಲ್ವಾ ನಿನ್ನ ಹತ್ರ?”

“ಫೋನಲ್ಲಿ ನೀನು ಪಂಪ್ ಕೆಟ್ಟಿದೆ ಅಂತ ಮಾತ್ರ ಹೇಳ್ತೀಯ.”

ಅವಳಿಗೆ ನಗು ಬಂತು. ಅದರ ಹಿಂದೆಯೇ ಅಳುವೂ.

“ಶುಕ್ರವಾರ ನಮ್ಮನೆಗೆ ಊಟಕ್ಕೆ ಬಾ. ಟ್ರೌಟ್ ಮೀನು ಹುರೀತೀನಿ. ಯಾವ ರಿಪೇರಿಯೂ ಇಲ್ಲ, ಸುಮ್ನೆ ಬಾ,” ಎಂದ ಥೇನ್.

“ನೋಡೋಣ,” ಎಂದಳು ಮಾರ್ವಾ.

ಇಬ್ಬರೂ ಬಕೆಟ್ಟಿನ ಹಿಡಿಯ ಒಂದೊಂದು ಬದಿ ಹಿಡಿದು ಸಾಲಿಗೆ ಮರಳಿದರು. ಮುಂದೆ ಯಾರೂ ಉಳಿದಿಲ್ಲವೆಂದು ಮಾರ್ವಾ ಎಡಕ್ಕೂ ಬಲಕ್ಕೂ ನೋಡಿ ಖಾತ್ರಿ ಮಾಡಿಕೊಂಡಳು. ಮತ್ತೆ ಶುರುಮಾಡಲು ಸೀಟಿ ಊದಿ, ಸದ್ದು ತಡೆಯುವ ಕವಚದಿಂದ ಕಿವಿ ಮುಚ್ಚಿಕೊಂಡಳು. ಜಗತ್ತು ದೂರ ಸರಿಯಿತು. ಒಳಗೆ ಎಲ್ಲವೂ ಇನ್ನೂ ಕಲಸುಮೇಲೋಗರ: ಲಮಾರ್, ಜನರ ಮಾತು, ಐವತ್ತೆರಡರ ತನ್ನ ವಯಸ್ಸು. ಅಷ್ಟರ ನಡುವೆಯೂ ಒಂದು ಮಾತ್ರ ಗಟ್ಟಿಯಾಯಿತು: ಶುಕ್ರವಾರ ಹೋಗುವುದು.

ರೈಫಲ್ ಎತ್ತುವ ಮೊದಲು ಥೇನ್ ಒಮ್ಮೆ ಅವಳ ಕಡೆಗೆ ತಿರುಗಿ ನೋಡಿದ.

“ಮುಖ ಗುಡ್ಡದ ಕಡೆಗೆ!” ಮಾರ್ವಾ ಗದರಿದಳು.