ಗೆರೆ ಎಳೆದ ಬಕೆಟ್

"ಬಕೆಟ್ ಎಲ್ಲಿ?" ಅಪ್ಪ ಹಿತ್ತಲಿನಿಂದ ಕೂಗಿದರು.

ಐದನೇ ಕ್ಲಾಸಿನ ಚೂಟಿ ಎಂದೂ ಇಲ್ಲದ ಶ್ರದ್ಧೆಯಿಂದ ಹಲ್ಲುಜ್ಜುತ್ತಿದ್ದಳು. ಬಾಯಿತುಂಬ ನೊರೆಯಿದ್ದರೆ ಮಾತಾಡಬೇಕಿಲ್ಲ.

"ನಿನ್ನೆ ಇಲ್ಲೇ ಇತ್ತು. ಬಕೆಟ್‌ಗೇನು ಕಾಲು ಬಂತಾ?"

ಬಕೆಟ್‌ಗೆ ಕಾಲು ಬಂದಿರಲಿಲ್ಲ. ಅದು ಹೊಲದ ಆಚೆ ತುದಿಯಲ್ಲಿ, ಮೆಕ್ಕೆಜೋಳದ ಸಾಲುಗಳ ನಡುವೆ, ಒಂದು ಕುಂಬಳಬಳ್ಳಿಯ ಮೇಲೆ ಬೋರಲಾಗಿ ಕೂತಿತ್ತು. ಕೂರಿಸಿದವಳು ಚೂಟಿಯೇ.

ಬಳ್ಳಿಗೆ ಇದ್ದದ್ದು ನಾಲ್ಕೇ ಎಲೆ. ಆದರೂ ಅದು ಚೂಟಿ ನೆಟ್ಟು ಬದುಕಿದ ಮೊದಲ ಗಿಡ. ಅದಕ್ಕೂ ಮುಂಚೆ ಕಿಟಕಿಯ ಡಬ್ಬದಲ್ಲಿ ಹಾಕಿದ ಬೀನ್ಸ್ ಕೊಳೆತಿತ್ತು, ಟೊಮೆಟೊ ಒಣಗಿತ್ತು. "ನಿನ್ನ ಕೈಗುಣಾನೇ ಅಂಥದ್ದು. ಪ್ಲಾಸ್ಟಿಕ್ ಹೂ ಕೊಟ್ರೂ ಬಾಡಿಸ್ತೀಯ" ಎಂದು ಅಣ್ಣ ತೀರ್ಪು ಕೊಟ್ಟಿದ್ದ. ಬಳ್ಳಿ ಹೂ ಬಿಟ್ಟ ದಿನ ಅವನ ಕಿವಿ ಹಿಡಿದು ಎಳೆದುಕೊಂಡು ಹೋಗಿ ತೋರಿಸಬೇಕು ಎಂದುಕೊಂಡು, ಅವಳು ಯಾರಿಗೂ ಹೇಳದೆ ನೀರು ಹಾಕುತ್ತಿದ್ದಳು.

ಅಷ್ಟರಲ್ಲಿ ಅಪ್ಪ ಕಳೆ ಔಷಧಿ ತಂದರು. ಅಂಗಡಿಗೆ ಚೂಟಿಯೂ ಹೋಗಿದ್ದಳು.

"ಜೋಳ ಯಾವುದು, ಕಳೆ ಯಾವುದು ಅಂತ ಔಷಧಿಗೆ ಹೇಗೆ ಗೊತ್ತಾಗುತ್ತೆ ಮಾಮ?"

"ಅದಕ್ಕೇನೂ ಗೊತ್ತಾಗಲ್ಲ ಪುಟ್ಟ. ಎಲ್ಲದರ ಮೇಲೂ ಬೀಳುತ್ತೆ. ಜೋಳ ಅರಗಿಸ್ಕೊಳ್ಳುತ್ತೆ, ಕಳೆಗೆ ಆಗಲ್ಲ, ಅಷ್ಟೇ" ಎಂದರು ಅಂಗಡಿ ಮಾಮ. "ಅಳತೆ ಮೀರಿದ್ರೆ ಮಾತ್ರ ಜೋಳಕ್ಕೂ ಅಜೀರ್ಣ."

"ಕುಂಬಳಕ್ಕೆ?"

"ಅದು ಹೊಟ್ಟೆ ಕೆಟ್ಟೇ ಸಾಯುತ್ತೆ."

ಅದಕ್ಕೇ ನಿನ್ನೆ ಸಂಜೆ ಬಕೆಟ್ ಹೊಲಕ್ಕೆ ಹೋದದ್ದು.

"ಇನ್ನೊಂದು ಬಕೆಟ್ ಇದೆಯಲ್ಲ, ತಗೊಳ್ಳಿ" ಎಂದರು ಅಮ್ಮ ಒಳಗಿನಿಂದ.

"ಅದಕ್ಕೆ ಗೆರೆ ಇಲ್ಲ ಕಣೇ."

ಔಷಧಿಗೆ ಎಷ್ಟು ನೀರು ಬೇಕೋ ಅಲ್ಲಿಗೆ ಅಪ್ಪ ಬಣ್ಣದಲ್ಲಿ ಗೆರೆ ಎಳೆದಿದ್ದರು. ಗೆರೆಯಿದ್ದದ್ದು ಕಾಣೆಯಾದ ಬಕೆಟ್‌ಗೆ ಮಾತ್ರ. ಅವರು ಆಕಾಶ ನೋಡಿದರು. "ಬಿಸಿಲೇರಿದ್ರೆ ಗಾಳಿ ಏಳುತ್ತೆ. ಆಗಲಿ, ಕಣ್ಣಂದಾಜಿಗೆ ಹಾಕ್ತೀನಿ."

ಕಣ್ಣಂದಾಜು! ಅಪ್ಪ ಕಣ್ಣಂದಾಜಿನಲ್ಲಿ ಅವಳಿಗೆ ತಂದ ಶೂ ಅಣ್ಣನಿಗೂ ದೊಡ್ಡದಾಗಿತ್ತು. ನೀರು ಕಮ್ಮಿಯಾದರೆ ಔಷಧಿ ಜೋರಾಗುತ್ತದೆ. ಆಗ ಇಡೀ ಹೊಲ ಸುಟ್ಟುಹೋದರೆ? ಚೂಟಿ ಗಾಬರಿಯಲ್ಲಿ ನೊರೆಯನ್ನು ನುಂಗಿಬಿಟ್ಟಳು.

"ಹಾಕ್ಬೇಡಪ್ಪಾ, ಇರು!"

ಓಡಿಹೋಗಿ ಬಕೆಟ್ ತಂದಳು. ಏದುಸಿರು ಬಿಡುತ್ತಲೇ ಎಲ್ಲ ಹೇಳಿದಳು. ಅಪ್ಪ ಬೈಯಲಿಲ್ಲ. ಹೊಲಕ್ಕೆ ಹೋಗಿ, ಸೊಂಟಕ್ಕೆ ಕೈಯಿಟ್ಟುಕೊಂಡು ಬಳ್ಳಿಯನ್ನು ನೋಡಿದರು.

"ಇನ್ನೇನಾದ್ರೂ ಮುಚ್ಲಾ ಅಪ್ಪ?"

"ಈ ಔಷಧಿ ಮಣ್ಣಿಗೂ ಇಳಿಯುತ್ತಮ್ಮ. ಬೇರಿಂದ ಎಳ್ಕೊಂಡ್ರೆ ಮುಗೀತು. ಮಣ್ಣು ಸಮೇತ ಕಿತ್ತು ಬೇಲಿ ಆಚೆ ನೆಡು. ಆದ್ರೆ ಕುಂಬಳಕ್ಕೆ ಜಾಗ ಬದಲಾಯಿಸಿದ್ರೆ ಆಗಿಬರೋದು ಕಷ್ಟ."

ಚೂಟಿ ಬಳ್ಳಿಯನ್ನು ಎರಡೂ ಕೈಯಲ್ಲಿ ಹೊತ್ತು ಬೇಲಿಯಾಚೆ ನೆಟ್ಟಳು. ಅಪ್ಪ ಬಕೆಟ್ ತುಂಬಿಸಿ, ಬಗ್ಗಿ, ನೀರು ಗೆರೆ ಮುಟ್ಟಿದ್ದನ್ನು ಎರಡೆರಡು ಸಲ ನೋಡಿದರು. "ಇನ್ನು ಒಳಗೆ ನಡಿ. ಔಷಧಿ ಹೊಡೆಯುವಾಗ ಈ ಕಡೆ ಸುಳೀಬೇಡ."

ಬಳ್ಳಿ ಸಂಜೆಗೇ ತಲೆ ಬಗ್ಗಿಸಿತು. ಚೂಟಿ ರಟ್ಟು ನಿಲ್ಲಿಸಿ ನೆರಳು ಮಾಡಿದಳು. ಸ್ಕೂಲಿಗೆ ಹೋಗುವಾಗ ನೀರು, ಬಂದಮೇಲೆ ನೀರು. ವಾರ ಕಳೆಯುವಷ್ಟರಲ್ಲಿ ಅದು ಒಣಗಿ ದಾರವಾಯಿತು. ಅವಳು ಬೇಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅತ್ತಳು.

ಅಣ್ಣ ಬಂದು ಇಣುಕಿದ. "ಇದೂ ಹೋಯ್ತಾ? ನಾನು ಹೇಳಿರ್ಲಿಲ್ವಾ, ನಿನ್ನ ಕೈಲಿ ಒಂದೂ ಬದುಕಲ್ಲ ಅಂತ."

ಚೂಟಿ ಮೂಗು ಒರೆಸಿಕೊಂಡು ತಲೆಯೆತ್ತಿದಳು. ಸಾಲುಗಳ ನಡುವೆ ಕಳೆ ಹಳದಿಯಾಗಿ ಮಲಗಿತ್ತು. ಜೋಳ ನಿಂತೇ ಇತ್ತು. ಒಂದು ಎಲೆಯ ತುದಿಯೂ ಸುಟ್ಟಿರಲಿಲ್ಲ. ಅವಳು ಹೊಲವನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು.

ಅಣ್ಣ ಇನ್ನೂ ಏನೋ ಹೇಳುತ್ತಿದ್ದ. ಅವನಿಗೆ ಉತ್ತರ ಕೊಡಬೇಕು ಅಂತ ಅವಳಿಗೆ ಅನ್ನಿಸಲೇ ಇಲ್ಲ.