ಮುಚ್ಚಳದೊಳಗಿನ ಪೆನ್ಸಿಲ್ ಗೀಟು

"ಕಾರು ಮಿಸ್ಸಿಂಗ್ ಹೊಡೀತಿದೆ ಕಣೇ, ಇಂಜಿನ್ ನಡುಗ್ತಿದೆ. ನಾಳೆ ಹತ್ತು ಗಂಟೆಗೆ ಚರ್ಚ್ ಮುಂದೆ ಕೆಟ್ಟು ನಿಂತ್ರೆ ನನ್ ಮಾನ ಹೋಗತ್ತೆ," ಎಂದ ಎಲ್ವಿಯೊ, ನಿವೆಸ್‌ಳ ಮುಖ ನೋಡದೆ.

ಮದುವೆ ಅವನದೇ. ಕಾರು ಅವನಜ್ಜನ ಕಾಲದ ಫಿಯಟ್. ಆಲ್ಬಾ ಊರಿನ ಈ ಗ್ಯಾರೇಜಿನಲ್ಲಿ ಇಬ್ಬರೂ ನಿವೆಸ್‌ಳ ಅಪ್ಪನ ಕೈಕೆಳಗೆ ಕೆಲಸ ಕಲಿತವರು. ಎಂಟು ವರ್ಷದ ಹಿಂದೆ ಅವಳು ಅವನನ್ನು ಪ್ರೀತಿಸತೊಡಗಿದ್ದೂ ಇಲ್ಲೇ. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

"ನಡುಕ ಕಾರಿಗೋ, ಮದುಮಗನಿಗೋ?" ಎಂದು ಕಾಲೆಳೆದಳು.

"ಇಬ್ರಿಗೂ."

ಇಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದಳು. ಮೂರನೆಯದನ್ನು ಕಿತ್ತಾಗ ಮಾತ್ರ ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಹಾಗಾದರೆ ಮಲಗಿರುವುದು ಮೂರನೇ ಸಿಲಿಂಡರೇ. ಪ್ಲಗ್ ಹೊಸದು, ವೈರೂ ಸರಿಯಾಗಿದೆ. ಇಂಜಿನ್ ನಿಲ್ಲಿಸಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ ಬೆಳಕಿಗೆ ಹಿಡಿದಳು.

ಒಳಗೆ ಒಂದು ಪೆನ್ಸಿಲ್ ಗೀಟು.

ಕೆಲಸ ಕಲಿಯುವಾಗ ಇಬ್ಬರೂ ಆಡುತ್ತಿದ್ದ ತುಂಟಾಟವದು! ಕಿಡಿ ಪ್ಲಗ್ಗಿಗೆ ಹೋಗದೆ ಆ ಗೀಟಿನಗುಂಟ ಸೋರಿಹೋಗುತ್ತದೆ. ಒಬ್ಬರು ಕದ್ದು ಗೀಟೆಳೆಯಬೇಕು, ಇನ್ನೊಬ್ಬರು ಹುಡುಕಬೇಕು. ಹುಡುಕಿದವರು ಏನು ಕೇಳಿದರೂ ಕೊಡಬೇಕು. ಪ್ರತಿಸಲ ಗೆದ್ದು ಬರೀ ಐಸ್‌ಕ್ರೀಂ ಕೇಳಿದ್ದಳಲ್ಲ, ಪೆದ್ದಿ!

"ಸಿಕ್ತಲ್ಲ," ಎಂದ ಎಲ್ವಿಯೊ. "ಕೇಳು ನಿವೆಸ್. ಏನ್ ಕೇಳಿದ್ರೂ ಕೊಡ್ತೀನಿ."

"ಎಂಟು ವರ್ಷ ನಿನ್ ಬಾಯಿಗೇನಾಗಿತ್ತೋ?"

"ನೀನೇ ಹೇಳ್ತೀಯ ಅಂತ ಕಾದೆ."

"ನಾನೂ ಹಾಗೇ ಕಾದೆ ಕಣೋ. ನೀನಂದ್ರೆ ನಂಗೆ ಪ್ರಾಣ. ಅದೂ ಗೊತ್ತಾಗ್ಲಿಲ್ವಾ ನಿಂಗೆ?"

ಅವನು ಒಂದು ಹೆಜ್ಜೆ ಮುಂದೆ ಬಂದ. ಆ ಕಣ್ಣುಗಳನ್ನು ನೋಡುತ್ತ, ಈ ಮದುವೆ ಬೇಡ ಎಂದು ಅವಳು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅವನ ಬೆನ್ನ ಹಿಂದಿನ ಕಪಾಟಿನಲ್ಲಿ ಬಿಳಿ ರಿಬ್ಬನ್ನಿನ ಡಬ್ಬಿಯಿತ್ತು. ಬೆಳಿಗ್ಗೆ ಮದುಮಗಳು ಮಾರ್ಜಿಯಾ ಇಟ್ಟುಹೋದದ್ದು. "ಅಕ್ಕಾ, ನಂಗೆ ಹಿಂದೆಮುಂದೆ ಯಾರೂ ಇಲ್ಲ. ಕಾರನ್ನ ನೀವೇ ಸಿಂಗಾರ ಮಾಡ್ಬೇಕು," ಎಂದು ನಿವೆಸ್‌ಳ ಎಣ್ಣೆಗೈಯನ್ನೇ ಹಿಡಿದು ಮುತ್ತಿಟ್ಟಿದ್ದಳು ಆ ಹುಡುಗಿ.

ನಿವೆಸ್ ಬಟ್ಟೆಗೆ ಸ್ಪಿರಿಟ್ ಹಾಕಿ ಗೀಟನ್ನು ಒರೆಸಿದಳು. ಮುಚ್ಚಳ ಕೂರಿಸಿದಳು. ಬಾನೆಟ್ಟಿಗೆ ರಿಬ್ಬನ್ ಎಳೆದು ಗಂಟು ಹಾಕುವವರೆಗೂ ತಲೆಯೆತ್ತಲಿಲ್ಲ.

"ಕೇಳ್ತೀನಿ, ಕೊಡ್ತೀಯಾ?"

"ಕೇಳು."

"ಇನ್ಮೇಲೆ ಈ ಕಾರನ್ನ ಬೇರೆ ಗ್ಯಾರೇಜಿಗೆ ತಗೊಂಡ್ಹೋಗು."

ಅವನು ರಿಬ್ಬನ್ನಿನ ಗಂಟನ್ನು ಒಮ್ಮೆ ಮುಟ್ಟಿ ಕಾರು ಹತ್ತಿದ. ಸ್ಟಾರ್ಟ್ ಮಾಡಿದ. ಬಾಗಿಲಿಗೊರಗಿ ಅವಳು ಕಿವಿಗೊಟ್ಟು ಕೇಳಿದಳು. ಒಂದೇ ಒಂದು ಸಲ ಮಿಸ್ ಹೊಡೆಯಲಿ ದೇವರೇ, ಅವನು ತಿರುಗಿ ಬರಲಿ ಎಂದು ಬೇಡಿಕೊಂಡಳು. ಕಾರು ಬೀದಿಯ ತಿರುವು ದಾಟಿತು. ನಾಲ್ಕೂ ಸಿಲಿಂಡರುಗಳು ಚೆನ್ನಾಗಿ ಓಡುತ್ತಿದ್ದವು.